ಏರಬಾರದ ಅಂಕಿ

ಕೊಪ್ಪಳದ ಲ್ಯಾಬಿನಲ್ಲಿ ನಾನು ರಕ್ತಪರೀಕ್ಷೆಯ ಕೆಲಸಕ್ಕಿದ್ದಾಗ ಒಂದು ನಿಯಮವಿತ್ತು. ರಿಪೋರ್ಟ್ ಕೊಡಬೇಕು, ಅರ್ಥ ಹೇಳಬಾರದು. ಅರ್ಥ ಹೇಳುವವರು ಡಾಕ್ಟರು.

ಬೇವೂರಿನ ಗಂಗವ್ವ ಗಂಡನ ರಿಪೋರ್ಟ್ ಒಯ್ಯಲು ಬಂದಿದ್ದಳು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆತನ ಆಪರೇಷನ್ ಆಗಿತ್ತು. ರೋಗ ಮರಳಿದರೆ ಸುಳಿವು ಸಿಗಲೆಂದು ಆಗಾಗ ಸಿಇಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಿದ್ದರು.

"ಹ್ವಾದ ಸಲಕ್ಕಿಂತ ಏರೈತೇನ್ರಿ ಸರ?" ಎಂದಳು.

"ಏರೈತ್ರಿ ಅಕ್ಕಾರ" ಎಂದುಬಿಟ್ಟೆ.

ಆಕೆಯ ಮುಖ ಅರಳಿತು. "ದಿನಾ ದಾಳಿಂಬಿ ಸುಲದು ತಿನ್ನಸೀನ್ರಿ, ಏರ್ಲಾರದ ಏನ್ಮಾಡ್ತೈತಿ?" ಎಂದು ಚೀಲದಿಂದ ಒಂದು ಹಣ್ಣು ತೆಗೆದು ನನ್ನ ಮೇಜಿನ ಮೇಲಿಟ್ಟಳು.

ನಮ್ಮ ಕಡೆ ರಕ್ತ ಏರಿತು ಅಂದರೆ ಮನುಷ್ಯ ಚೇತರಿಸಿಕೊಂಡ ಎಂದೇ ಲೆಕ್ಕ. ಹಿಮೋಗ್ಲೋಬಿನ್ ಏರಬೇಕು ಎಂದು ಎಲ್ಲರೂ ಹೇಳಿ ಹೇಳಿ ಅದೇ ಆಕೆಯ ತಲೆಯಲ್ಲಿ ಕೂತಿತ್ತು. ಇದೇ ಖುಷಿಯಲ್ಲಿ ಊರ ಬಸ್ಸು ಹತ್ತಿಬಿಟ್ಟಾಳು ಎಂದು ಹೆದರಿ ನಿಯಮ ಮುರಿದೆ.

"ರಕ್ತದ್ದು ಬ್ಯಾರೆ, ಇದು ಬ್ಯಾರೆ. ಇದು ಏರಬಾರದ್ರಿ. ಇವತ್ತ ಡಾಕ್ಟರಿಗೆ ತೋರಸ್ರಿ."

ಆಕೆ ಆ ಹಣ್ಣಿನ ಮೇಲೆ ಕೈಯಿಟ್ಟಳು.

"ಹಂಗಾರ ದಾಳಿಂಬಿ ಕೊಡೂದು ಬಿಡ್ಲೇನ್ರಿ?"

"ಬಿಡಬ್ಯಾಡ್ರಿ. ಅದರಿಂದ ಇದು ಏರಿಲ್ಲ. ರಕ್ತ ಏರಬೇಕಲ್ರಿ."

"ಒಂದು ಏರಬೇಕು, ಒಂದು ಏರಬಾರದು. ತಿನ್ನೂ ಬಾಯಿ ಒಂದ ಐತಲ್ರಿ ಸರ" ಎಂದು ರಿಪೋರ್ಟ್ ಮಡಚಿಕೊಂಡು ಹೋದಳು.

ಅರ್ಥ ಹೇಳಬಾರದೆಂಬ ನಿಯಮ ರೋಗಿಗಳ ಒಳ್ಳೆಯದಕ್ಕೆ ಎಂದು ತಿಳಿದಿದ್ದೆ. ಅದನ್ನು ಮಾಡಿದ್ದು ನಮ್ಮಂಥವರಿಗೆ ರಾತ್ರಿ ನಿದ್ದೆ ಬರಲಿ ಎಂದಿರಬೇಕು.