ಪಾಪನಿವೇದನೆಯಲ್ಲಿ ಹೇಳಿಯಾದ ಮಾತು

ಹುಡುಗಿ ಬಿಸ್ಕತ್ತನ್ನು ನಾಲ್ಕು ತುಂಡು ಮಾಡಿ ಮೇಜಿನ ಅಂಚಿಗೆ ಸಾಲಾಗಿ ಜೋಡಿಸಿದಳು. ಉದುರಿದ ಪುಡಿಯನ್ನು ಕಿರುಬೆರಳಿನಿಂದ ಒತ್ತಿ ಎತ್ತಿ ಕಾಗದದ ಮೇಲೆ ಹಾಕಿದಳು. ಆಮೇಲೆ ಬೆರಳನ್ನು ನೆಕ್ಕಲಿಲ್ಲ, ಸ್ಕರ್ಟಿಗೆ ಒರೆಸಿಕೊಂಡಳು.

ಒಂಬತ್ತು ವರ್ಷದ ಮಗು ಊಟದ ಹೊತ್ತು ಮೀರಿದ ಮೇಲೂ ಬಿಸ್ಕತ್ತಿನ ಪುಡಿ ಬಾಯಿಗೆ ಹೋಗದಂತೆ ನೋಡಿಕೊಳ್ಳುತ್ತಿದೆ ಎಂದರೆ ಅದು ಹಟ ಇರಲಾರದು ಎಂದು ನನಗೆ ಅನಿಸಿತು.

ಕೋವಿಡ್ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷದ ಡಿಸೆಂಬರ್ ಅದು. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ ಮುಗಿಸಿದ ನನಗೆ ಎರಡನೆಯ ಕೆಲಸ. ಒಂದು ಕ್ಯಾಥೊಲಿಕ್ ಸಂಸ್ಥೆಗೆ ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಶಾಲೆ ಇದ್ದವು. ಎರಡಕ್ಕೂ ಸೇರಿ ನಾನೊಬ್ಬಳೇ ಕೌನ್ಸೆಲರ್. ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ, ಅತ್ತರೆ, ಹೊಡೆದಾಡಿದರೆ ನನ್ನ ಕೋಣೆಗೆ ಕಳಿಸುತ್ತಿದ್ದರು. ಗುರುವಾರ ಮತ್ತು ಶುಕ್ರವಾರ ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ಹೊರಟು ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಿದ್ದೆ. ನಾನು ಕ್ರೈಸ್ತಳಲ್ಲ. ಚರ್ಚಿನ ರೀತಿನೀತಿಗಳನ್ನು ಕೆಲಸ ಮಾಡುತ್ತಲೇ ಕಲಿತೆ, ಕೆಲವನ್ನು ತಡವಾಗಿ.

ಹರಿಹರದ ಶಾಲೆಯ ಈ ಹುಡುಗಿಯನ್ನು ಜೆಸ್ಸಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಗುರುತು ಸಿಗಬಹುದಾದ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸೋಮವಾರದಿಂದ ಟಿಫಿನ್ ಡಬ್ಬಿ ಮುಟ್ಟುತ್ತಿಲ್ಲ ಎಂದು ಅವಳ ಕ್ಲಾಸ್ ಟೀಚರ್ ಗುರುವಾರ ನನ್ನ ಬಳಿ ಕಳಿಸಿದ್ದರು.

"ಹೊಟ್ಟೆ ನೋವಾ?" ಎಂದು ಕೇಳಿದೆ.

"ಇಲ್ಲ ಮಿಸ್. ಉಪವಾಸ."

"ಯಾರು ಮಾಡು ಅಂದ್ರು?"

"ಯಾರೂ ಇಲ್ಲ. ನಾನೇ. ಪಾಪಕ್ಕೆ."

ಏನು ಪಾಪ ಎಂದು ಕೇಳಿದ್ದಕ್ಕೆ ಅವಳು ತಲೆ ಅಲ್ಲಾಡಿಸಿದಳು. "ಅದನ್ನ ಫಾದರ್ ಹತ್ರ ಹೇಳಿ ಆಗೈತೆ. ಪಾಪನಿವೇದನೆಯೊಳಗೆ ಹೇಳಿದ್ದನ್ನ ಯಾರೂ ಯಾರಿಗೂ ಹೇಳಂಗಿಲ್ಲ. ಹೇಳಿದ್ರೆ ಕ್ಷಮಿಸಿದ್ದು ವಾಪಸ್ ಹೋಗ್ತೈತೆ."

ಕ್ಯಾಥೊಲಿಕರು ತಮ್ಮ ತಪ್ಪುಗಳನ್ನು ಜಾಲರಿಯ ಆಚೆ ಕೂತ ಗುರುಗಳಿಗೆ ಒಬ್ಬೊಬ್ಬರೇ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ ಪಾಪನಿವೇದನೆ ಎಂದು ಹೆಸರು. ಕ್ರಿಸ್ಮಸ್ಸಿಗೆ ಮೊದಲು ಮಕ್ಕಳೂ ಮಾಡುತ್ತಾರೆ. ಆ ಸಲ ಮಕ್ಕಳದು ಹಿಂದಿನ ಭಾನುವಾರ ನಡೆದಿತ್ತು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಮಗುವಿನ ಬಾಯಿಗೆ ನಾವೇ ಮಾತು ಇಡಬಾರದು. 'ಯಾರಾದರೂ ನಿನಗೆ ಹೀಗೆ ಮಾಡಿದರಾ' ಎಂದು ಕೇಳಿದರೆ ನಾಳೆ ನ್ಯಾಯಾಲಯದಲ್ಲಿ ಆ ಉತ್ತರಕ್ಕೆ ಬೆಲೆ ಇಲ್ಲ, ಮಗುವಿಗೂ ಹಿಂಸೆ. ಹಾಗಾಗಿ ಬೇರೆ ಕಡೆಯಿಂದ ಬಂದೆ. ವಾರದಲ್ಲಿ ಯಾವ ದಿನ ಇಷ್ಟ, ಯಾವುದು ಇಷ್ಟ ಇಲ್ಲ ಎಂದು ಕೇಳಿದೆ. ಭಾನುವಾರ ಇಷ್ಟ ಅಂದಳು. ಬುಧವಾರ, ಶುಕ್ರವಾರ ಇಷ್ಟವಿಲ್ಲ. ಯಾಕೆ ಎಂದರೆ ಮತ್ತೆ ತಲೆ ಅಲ್ಲಾಡಿಸಿದಳು.

ಬುಧವಾರ ಮತ್ತು ಶುಕ್ರವಾರ ಸಂಜೆ ಚರ್ಚಿನ ಗಾಯನವೃಂದದ ತಾಲೀಮು. ಶಾಲೆಯ ಸಂಗೀತ ಮಾಸ್ತರರೇ ಅದನ್ನು ನಡೆಸುತ್ತಿದ್ದರು. ಆ ಶನಿವಾರದಿಂದ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಕ್ಯಾರಲ್, ಅಂದರೆ ಕ್ರಿಸ್ಮಸ್ ಹಾಡು, ಹಾಡಿಸುವವರೂ ಅವರೇ. ಜೆಸ್ಸಿಯದು ಒಳ್ಳೆಯ ಕಂಠ. ತಾಲೀಮು ಮುಗಿದ ಮೇಲೂ ಅವಳೊಬ್ಬಳನ್ನು ಉಳಿಸಿಕೊಂಡು ಕಲಿಸುತ್ತಾರೆ ಎಂಬುದನ್ನು ಇಡೀ ಧರ್ಮಕೇಂದ್ರ, ಅಂದರೆ ಆ ಚರ್ಚಿಗೆ ಸೇರಿದ ಎಲ್ಲ ಮನೆಗಳು, ಮೆಚ್ಚುಗೆಯಿಂದ ಹೇಳುತ್ತಿದ್ದವು.

ಹುಡುಗಿಯನ್ನು ತರಗತಿಗೆ ಬಿಟ್ಟು ಬರುವಾಗ ಕಾರಿಡಾರಿನಲ್ಲಿ ಮಾಸ್ತರರೇ ಎದುರಾದರು.

"ಏನ್ ಮಿಸ್, ನಮ್ಮ ಕೋಗಿಲೇನ ಕೌನ್ಸೆಲಿಂಗ್ ಮಾಡಿ ಮೂಕಿ ಮಾಡಬ್ಯಾಡ್ರಿ ಮತ್ತೆ. ಶನಿವಾರ ಮೊದಲನೇ ಹಾಡು ಅವಳ್ದೇ ಐತೆ," ಎಂದು ನಕ್ಕರು. ನಾನೂ ನಕ್ಕೆ ಎಂದು ನೆನಪು.

ನೇರವಾಗಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬಳಿ ಹೋದೆ. ಬಿಗಿ ಸ್ವಭಾವದವರು, ಯಾರಿಗೂ ಅನ್ಯಾಯ ಮಾಡುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಹುಡುಗಿ ಅವರ ಹೆಸರು ಹೇಳಿದ್ಲಾ?"

"ಇಲ್ಲ."

"ಉಪವಾಸ ಮಾಡ್ತಾಳೆ, ಬುಧವಾರ ಇಷ್ಟ ಇಲ್ಲ. ಇಷ್ಟಕ್ಕೆ ಒಬ್ಬ ಮನುಷ್ಯನ ಜೀವನ ಹಾಳು ಮಾಡ್ಬೇಕಾ ಮಿಸ್? ಇಪ್ಪತ್ತು ವರ್ಷದಿಂದ ಇಲ್ಲಿ ಅದಾರೆ."

ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಹತ್ತೊಂಬತ್ತನೆಯ ಸೆಕ್ಷನ್ ಪ್ರಕಾರ ಅಪರಾಧ ನಡೆಯಬಹುದು ಎಂಬ ಆತಂಕ ಇದ್ದರೂ ಸಾಕು, ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಸಾಕ್ಷ್ಯ ಹುಡುಕುವುದು ನಮ್ಮ ಕೆಲಸವಲ್ಲ. ಅದನ್ನು ಹೇಳಿದೆ. ಆದರೆ ಪುಸ್ತಕ ಹೇಳದ ಒಂದು ಭಯ ನನಗಿತ್ತು. ಪೊಲೀಸರು ಬಂದು ಕೇಳಿದಾಗ ಮಗು ಏನೂ ಆಗಿಲ್ಲ ಎಂದುಬಿಟ್ಟರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಅದೇ ಕೋಣೆಗೆ, ಅದೇ ಮನುಷ್ಯನ ಎದುರಿಗೆ ಅವಳನ್ನು ನಾವೇ ಕಳಿಸಿದಂತಾಗುತ್ತದೆ. ಅವಳು ಮತ್ತೆಂದೂ ಬಾಯಿ ಬಿಡುವುದಿಲ್ಲ. ನಾಳೆ ಶುಕ್ರವಾರ. ಮಗು ಮಾತಾಡಲಿ ಬಿಡಲಿ, ತಾಲೀಮಿಗೆ ಮೊದಲು ವರದಿ ಮಾಡುತ್ತೇನೆ ಎಂದು ಸಿಸ್ಟರ್‌ಗೆ ತಿಳಿಸಿದೆ. ಅವರು ಬೇಡ ಅನ್ನಲಿಲ್ಲ. ನಾಳೆ ತಾಲೀಮು ನಡೆಯುವುದಿಲ್ಲ ಎಂದಷ್ಟೇ ಹೇಳಿದರು.

ಅಲ್ಲಿಂದ ಚರ್ಚಿನ ಫಾದರ್ ಬಳಿ ಹೋದೆ. ವಯಸ್ಸಾದವರು. ವರಾಂಡದಲ್ಲಿ ಕೂತಿದ್ದರು. "ಬರ್ರಿ, ಕೂಡ್ರಿ" ಅಂದರು. ನಾನು ಕೂರಲಿಲ್ಲ.

"ಜೆಸ್ಸಿ ನಿಮಗೆ ಏನೋ ಹೇಳಿದ್ದಾಳೆ ಫಾದರ್."

"ಆ ಹುಡುಗಿ ಬಂದಿದ್ಲೋ ಇಲ್ಲೋ ಅನ್ನೋದನ್ನೂ ನಾನು ಹೇಳಂಗಿಲ್ಲಮ್ಮ."

"ಕಾನೂನು ಹಾಗೆ ಹೇಳೋದಿಲ್ಲ."

"ಗೊತ್ತೈತೆ."

"ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ."

ಅವರು ತಲೆ ತಗ್ಗಿಸಿದರು. ಆಗ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. "ನೀವಂತೂ ಹೇಳೋದಿಲ್ಲ. ಅವಳೂ ಹೇಳೋ ಹಾಗಿಲ್ಲ. ಹಾಗಾದರೆ ಆ ಮಗು ಎಲ್ಲಿಗೆ ಹೋಗಬೇಕು?" ಎಂದೆ.

ಫಾದರ್ ತಲೆಯೆತ್ತಿದರು. "ಅವಳೂ ಹೇಳಂಗಿಲ್ಲ ಅಂತ ಯಾರಂದ್ರು?"

"ಅವಳೇ. ಯಾರೂ ಯಾರಿಗೂ ಹೇಳಂಗಿಲ್ಲ, ಹೇಳಿದ್ರೆ ಕ್ಷಮಿಸಿದ್ದು ವಾಪಸ್ ಹೋಗುತ್ತಂತೆ."

ಅವರು ಬಾಗಿಲ ಬಳಿ ಇದ್ದ ಕೆಲಸದವರನ್ನು ಕರೆದು ಸಿಸ್ಟರ್‌ಗೆ ಬರಹೇಳಿದರು. ಗುಟ್ಟು ಕಾಯಬೇಕಾದವರು ಗುರುಗಳು ಮಾತ್ರ, ಹೇಳಿಕೊಂಡವರು ತಮ್ಮ ಮಾತನ್ನು ಯಾರಿಗೆ ಬೇಕಾದರೂ ಹೇಳಬಹುದು ಎಂಬುದು ನನಗೆ ಆ ಸಂಜೆ ತಿಳಿಯಿತು.

ಸಿಸ್ಟರ್ ಬಂದು ಕೇಳಿಸಿಕೊಂಡು ಕಂಬ ಹಿಡಿದು ನಿಂತರು. ಧರ್ಮೋಪದೇಶದ ತರಗತಿ ಅವರದೇ. ಹಿಂದಿನ ವರ್ಷ ಮಕ್ಕಳು ಪಾಪನಿವೇದನೆ ಮುಗಿಸಿ ಹೊರಗೆ ಬಂದು, ನೀನೇನು ಹೇಳಿದೆ, ಪ್ರಾಯಶ್ಚಿತ್ತಕ್ಕೆ ನಿನಗೆ ಎಷ್ಟು ಜಪ ಕೊಟ್ಟರು ಎಂದು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರಂತೆ. ಅದನ್ನು ನಿಲ್ಲಿಸಲು ಸಿಸ್ಟರ್ ಒಂದು ಮಾತು ಹೇಳಿದ್ದರು.

"ನಾನೇ ಹೇಳಿದ್ದು ಫಾದರ್. ಒಳಗೆ ಹೇಳಿದ್ದು ಒಳಗೇ ಇರ್ಬೇಕು, ಯಾರೂ ಯಾರಿಗೂ ಹೇಳಂಗಿಲ್ಲ ಅಂತ. ವಾಪಸ್ ಹೋಗ್ತೈತೆ ಅಂತಾನೂ ಹೆದರಿಸಿದ್ದೆ. ಗಲಾಟೆ ನಿಲ್ಲಲಿ ಅಂತ," ಎಂದರು.

"ನಾಳೆ ಮೊದಲನೇ ಪೀರಿಯಡ್ ನಾನು ತಗೊಂತೀನಿ," ಎಂದರು ಫಾದರ್. "ಈ ಮಿಸ್ ಹೇಳಿದ್ದು ನನಗೆ ವರಾಂಡದಲ್ಲಿ ಬಂದ ಮಾತು. ಇದಕ್ಕೆ ಪಾಪನಿವೇದನೆಯ ಗುಟ್ಟಿನ ಮುದ್ರೆ ಇಲ್ಲ."

ಶುಕ್ರವಾರ ಬೆಳಿಗ್ಗೆ ಅವರು ಎಲ್ಲ ಮಕ್ಕಳನ್ನೂ ಶಾಲೆಯ ಸಭಾಂಗಣದಲ್ಲಿ ಕೂರಿಸಿದರು. ಯಾವ ಮಗುವಿನ ಕಡೆಗೂ ನೋಡದೆ, ಗೋಡೆಯ ಗಡಿಯಾರ ನೋಡುತ್ತಾ ಮಾತಾಡಿದರು. "ನಿಮ್ಮ ಮಾತಿಗೆ ಬೀಗ ನನ್ನ ಬಾಯಿಗೆ ಮಾತ್ರ. ನಿಮ್ಮ ಬಾಯಿಗೆ ಬೀಗ ಇಲ್ಲ. ಅಮ್ಮಂಗೆ, ಟೀಚರ್‌ಗೆ, ಪೊಲೀಸರಿಗೆ ಬೇಕಾದ್ರೂ ಹೇಳಿ. ಕ್ಷಮಿಸಿದ್ದು ಎಲ್ಲಿಗೂ ವಾಪಸ್ ಹೋಗಲ್ಲ." ಸಿಸ್ಟರ್ ಎದ್ದು ನಿಂತು, ತಾನು ಹೇಳಿಕೊಟ್ಟದ್ದು ತಪ್ಪಾಗಿತ್ತು ಎಂದು ಮಕ್ಕಳಿಗೆ ಹೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ, "ಸಿಸ್ಟರ್‌ಗೂ ಇಂಪೊಸಿಷನ್ ಬರೆಸ್ರಿ ಫಾದರ್" ಎಂದ. ಎಲ್ಲರೂ ನಕ್ಕರು. ಜೆಸ್ಸಿ ನಗಲಿಲ್ಲ.

ಬಿಡುವಿನಲ್ಲಿ ಅವಳು ಬರಲಿಲ್ಲ. ಊಟದ ಹೊತ್ತಿಗೂ ಬರಲಿಲ್ಲ. ನಾನು ನನ್ನ ಕೋಣೆಯ ಬಾಗಿಲು ತೆರೆದಿಟ್ಟು ಫೋನ್ ಎದುರಿಗೆ ಇಟ್ಟುಕೊಂಡು ಕೂತಿದ್ದೆ. ಅವಳ ಮಾತಿಲ್ಲದೆ ವರದಿ ಮಾಡುವ ಪದಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಯಾವ ರೀತಿ ಜೋಡಿಸಿದರೂ ಅವು ಹೊಸ ಕೌನ್ಸೆಲರ್ ಒಬ್ಬಳ ಕಲ್ಪನೆಯಂತೆ ಕೇಳಿಸುತ್ತಿದ್ದವು. ಊಟದ ನಂತರದ ಬೆಲ್ ಹೊಡೆದಾಗ ಫೋನ್ ಎತ್ತಿಕೊಂಡೆ. ಆಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಫಾದರ್ ನಿಜ ಹೇಳಿದ್ರಾ ಮಿಸ್?"

"ನಿಜ."

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಕೆಲವೇ ವಾಕ್ಯಗಳು, ಸಾಕಷ್ಟು ಸ್ಪಷ್ಟವಾಗಿದ್ದವು. ಮಾಸ್ತರರ ಹೆಸರನ್ನು ಅವಳೇ ಹೇಳಿದಳು. ಎಲ್ಲ ಹೇಳಿದ ಮೇಲೆ ಉಪವಾಸದ ವಿಷಯಕ್ಕೆ ಬಂದಳು.

"ನಾನು ಪಾಪ ಅಂತ ಹೇಳಿದೆ ಮಿಸ್. ಫಾದರ್, ಇದು ನಿನ್ನ ಪಾಪ ಅಲ್ಲವ್ವ, ಅಮ್ಮಂಗೆ ಹೇಳು ಅಂದ್ರು. ಸಿಸ್ಟರ್ ಹೇಳಂಗಿಲ್ಲ ಅಂದಿದ್ರಲ್ಲ, ನನಗೆ ಯಾರ ಮಾತು ಕೇಳ್ಬೇಕೋ ಗೊತ್ತಾಗ್ಲಿಲ್ಲ. ಆಮೇಲೆ ಫಾದರ್ ಅತ್ರು. ಜಾಲರಿ ಹಿಂದೆ ಸದ್ದು ಕೇಳಿಸ್ತು. ಫಾದರ್‌ನ ಅಳಿಸಿದ್ದು ನಾನೇ ಅಲ್ಲಾ? ಅಷ್ಟು ದೊಡ್ಡದು ಅದು, ಅದಕ್ಕೇ ಊಟ ಬಿಟ್ಟೆ."

ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ, ಅವರು ಅತ್ತದ್ದು ನಿನಗೆ ನೋವಾಗಿದೆ ಎಂಬ ಕಾರಣಕ್ಕೆ, ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಾನು ಅವಳ ಎದುರಿಗೇ ಪೊಲೀಸ್ ಠಾಣೆಗೂ ಮಕ್ಕಳ ಸಹಾಯವಾಣಿಗೂ ಕರೆ ಮಾಡಿದೆ. ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿರಲಿ ಎಂದು ಹಾಗೆ ಮಾಡಿದೆ. ಲಿಖಿತ ವರದಿಗೆ ನನ್ನ ಸಹಿಯ ಕೆಳಗೆ ಸಿಸ್ಟರ್ ಸಹಿ ಹಾಕಿದರು. ಆಡಳಿತ ಮಂಡಳಿಯಿಂದ ಫೋನ್ ಬಂತು, ಹಬ್ಬ ಮುಗಿಯುವವರೆಗೆ ತಡೆಯಲಾಗುತ್ತದೆಯೇ ಎಂದು. "ವರದಿ ಹೋಗಿ ಆಗೈತ್ರಿ," ಎಂದು ಸಿಸ್ಟರ್ ಫೋನ್ ಇಟ್ಟರು.

ಜೆಸ್ಸಿಯ ತಾಯಿ ಬಟ್ಟೆ ಹೊಲಿಯುತ್ತಿದ್ದವರು. ಶಾಲೆಯಿಂದ ಕರೆ ಹೋದಾಗ ಹಿಡಿದ ಕೆಲಸ ಹಾಗೇ ಬಿಟ್ಟು, ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದರು. ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಕಂಪ್ಲೇಂಟ್ ಬ್ಯಾಡ ಮಿಸ್. ಕೈ ಮುಗೀತೀನಿ. ನಾಳೆ ಇವಳ್ನ ಯಾರು ಏನಂತಾರೋ."

ತಂದೆತಾಯಿ ಒಪ್ಪದಿದ್ದರೂ ಈ ಕಾಯ್ದೆಯಲ್ಲಿ ವರದಿ ನಿಲ್ಲುವುದಿಲ್ಲ. ಅದನ್ನು ಅವರಿಗೆ ಹೇಳುವುದು ನನ್ನ ಕೆಲಸವಾಗಿತ್ತು, ಹೇಳಿದೆ. ಅಷ್ಟು ಕಠಿಣವಾದ ವಾಕ್ಯವನ್ನು ಅದಕ್ಕಿಂತ ಮೊದಲು ನಾನು ಯಾರಿಗೂ ಹೇಳಿರಲಿಲ್ಲ. ಸಂಜೆ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಸಮವಸ್ತ್ರವಿಲ್ಲದೆ, ಚೂಡಿದಾರ್‌ನಲ್ಲಿ ಜೆಸ್ಸಿಯ ಮನೆಗೆ ಬಂದರು. ಜೆಸ್ಸಿ ತಾಯಿಯ ಪಕ್ಕ ಕೂತು ಅದೇ ಮಾತುಗಳನ್ನು ಮತ್ತೊಮ್ಮೆ ಹೇಳಿದಳು. ಕತ್ತಲಾಗುವ ಮೊದಲೇ ಪೊಲೀಸರು ಮಾಸ್ತರರನ್ನು ಠಾಣೆಗೆ ಕರೆದುಕೊಂಡು ಹೋದರು. ಪ್ರಕರಣ ಈಗಲೂ ನ್ಯಾಯಾಲಯದಲ್ಲಿದೆ. ಅದರ ಬಗ್ಗೆ ಹೆಚ್ಚು ಬರೆಯುವಂತಿಲ್ಲ.

ಒಂದು ವಿಷಯ ಇನ್ನೂ ನನ್ನೊಳಗೆ ಇತ್ಯರ್ಥವಾಗಿಲ್ಲ. ಪಾಪನಿವೇದನೆ ನಡೆದದ್ದು ಭಾನುವಾರ, ನಾನು ಫಾದರ್ ಬಳಿ ಹೋದದ್ದು ಗುರುವಾರ. ನಡುವೆ ಒಂದು ಬುಧವಾರ ಇತ್ತು. ಆ ಬುಧವಾರ ಫಾದರ್ ತಾಲೀಮಿನ ಕೋಣೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು, ಕೊನೆಯ ಮಗು ಮನೆಗೆ ಹೋಗುವವರೆಗೆ ಜಪಮಾಲೆ ಹಿಡಿದು ಕೂತಿದ್ದರು ಎಂದು ಸಿಸ್ಟರ್ ಆಮೇಲೆ ಹೇಳಿದರು. ಜೆಸ್ಸಿ ಅಂದು ಎಲ್ಲರೊಂದಿಗೆ ಹಾಡಿ ಎಲ್ಲರೊಂದಿಗೆ ಮನೆಗೆ ಹೋಗಿದ್ದಳು. ಕುರ್ಚಿ ಹಾಕಿದ್ದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಕಾನೂನಿಗೆ ಕುರ್ಚಿ ಸಾಲದು. ನನಗೂ ಸಾಲದು.

ಮಕ್ಕಳಿಗೆ 'ಏನಾದರೂ ಆದರೆ ಹೇಳಿ' ಎಂದು ನಾವೆಲ್ಲ ತರಗತಿಗಳಲ್ಲಿ ಹೇಳುತ್ತೇವೆ. ಆ ವರ್ಷ ನಾನೂ ಹೇಳಿದ್ದೆ, ಜೆಸ್ಸಿಯ ತರಗತಿಯಲ್ಲೂ. ಅದಕ್ಕೂ ಮೊದಲು ಬೇರೆ ಯಾರೋ, ಒಳ್ಳೆಯ ಮನಸ್ಸಿನಿಂದಲೇ, ಹೇಳಬಾರದು ಎಂದು ಕಲಿಸಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಈಗ ಯಾವ ಶಾಲೆಗೆ ಹೋದರೂ ಮೊದಲು ಕೇಳುವುದು ಅದನ್ನೇ: ಇಲ್ಲಿ ಯಾವುದನ್ನು ಯಾರಿಗೂ ಹೇಳಬಾರದು ಅಂತ ನಿಮಗೆ ಹೇಳಿದ್ದಾರೆ? ಪ್ರತಿ ಶಾಲೆಯಲ್ಲೂ ಉತ್ತರಗಳಿರುತ್ತವೆ.

ವರದಿ ಮಾಡಿದ ಮರುದಿನ ಶನಿವಾರ, ನನಗೆ ಹರಿಹರದ ಡ್ಯೂಟಿ ಇರಲಿಲ್ಲ. ಆದರೂ ಬೆಳಿಗ್ಗೆಯ ಬಸ್ಸು ಹಿಡಿದು ಹೋಗಿ ಶಾಲೆಯ ಗೇಟಿನಲ್ಲಿ ಸಿಸ್ಟರ್ ಜೊತೆ ನಿಂತೆ. ಪ್ರಾರ್ಥನೆಯ ಬೆಲ್ ಆಯಿತು. ಜೆಸ್ಸಿ ಬರಲಿಲ್ಲ. ಅವಳ ಮನೆಗೆ ನಡೆದೆ.

ತಾಯಿ ಬಾಗಿಲಲ್ಲೇ ನಿಂತರು. "ಕಳ್ಸಂಗಿಲ್ಲ ಮಿಸ್. ನಲ್ಲಿ ಹತ್ರ ಆಗ್ಲೇ ಮಾತು ಶುರು ಆಗೈತೆ. ಮಾಸ್ತರ್ ಹಿಂಗೆ ಮಾಡಿದ್ರು ಅಂತ ಒಬ್ರೂ ಅನ್ನವಲ್ರು. ನಾವು ಹಬ್ಬ ಕೆಡಿಸಿದ್ವಿ ಅಂತಾರೆ."

ಒಳಗೆ ಮಂಚದ ಮೇಲೆ ತಂದೆ ಕೂತಿದ್ದರು. ಕಾರ್ಖಾನೆಗೆ ಹೋಗಿರಲಿಲ್ಲ. ನನ್ನನ್ನು ನೋಡದೆ, "ನಮ್ಮ ಮದುವೀಗೆ ಹಾಡಿದ್ದ ಮಿಸ್ ಅವ್ನು," ಎಂದರು.

ಜೆಸ್ಸಿ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗ್ ಪಕ್ಕಕ್ಕಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ಕಳಿಸುತ್ತಾರೇನೋ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ. ಒಳಗೆ ಬರಲೇ ಎಂದು ತಾಯಿಯನ್ನು ಕೇಳಿದೆ. ಅವರು ಪಕ್ಕಕ್ಕೆ ಸರಿದರು.

"ಇವತ್ತು ಮೊದಲನೇ ಪೀರಿಯಡ್ ಏನು?"

"ಗಣಿತ ಮಿಸ್."

ಚಾಪೆಯ ಮೇಲೆ ಕೂತು ಪುಸ್ತಕ ತೆರೆದೆ. ಭಾಗಾಕಾರ. ನಾನು ಕಲಿತ ರೀತಿಯಲ್ಲಿ ಮೊದಲನೇ ಲೆಕ್ಕ ಬರೆಯತೊಡಗಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹಂಗಲ್ಲ ಮಿಸ್, ನಮಗೆ ಬ್ಯಾರೆ ಥರ ಹೇಳಿಕೊಟ್ಟಾರೆ," ಎಂದಳು.

ಹೆಂಗೆ ಎಂದು ಕೇಳಿ, ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ. ಶನಿವಾರದ ಶಾಲೆ ಬಿಡುವ ಹೊತ್ತಿನವರೆಗೆ ಅಲ್ಲಿಯೇ ಕೂತು, ಅವಳ ವೇಳಾಪಟ್ಟಿಯಲ್ಲಿದ್ದ ಪಾಠಗಳನ್ನೆಲ್ಲ ಒಂದಾದ ಮೇಲೊಂದು ಮಾಡಿದೆವು.