ಮಗನ ಪರವಾಗಿ ಮಾಡಿದ ಪ್ರತಿಜ್ಞೆ

ಮಗ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಅವನ ಕಾಲೇಜಿನ ಇಬ್ಬರು ಹುಡುಗರು ಸ್ಯಾನ್ ಡಿಯೇಗೋದಿಂದ ಎರಡು ತಾಸು ಕಾರಿನಲ್ಲಿ ಸೆರಿಟೋಸ್‌ನ ನಮ್ಮ ಮನೆಗೆ ಬಂದರು. ಒಬ್ಬನ ತಂದೆತಾಯಿ ಫಿಲಿಪೀನ್ಸ್‌ನವರು, ಇನ್ನೊಬ್ಬ ಮೆಕ್ಸಿಕೋ ಮೂಲದವನು. ಇಬ್ಬರೂ ಟೈ ಕಟ್ಟಿದ್ದರು. ಹೆಂಡತಿ ಚಹಾ ಕೊಟ್ಟಳು. ಕುಡಿಯಬೇಕೋ ಬೇಡವೋ ತಿಳಿಯದೆ ಕಪ್ ಹಿಡಿದುಕೊಂಡೇ ಕೂತರು.

ಅವರು ಬಂದದ್ದು ಫ್ರಟರ್ನಿಟಿಯ ಕೆಲಸಕ್ಕೆ. ಅದು ಇಲ್ಲಿಯ ಕಾಲೇಜು ಹುಡುಗರು ಅಣ್ಣತಮ್ಮಂದಿರಂತೆ ಇರುತ್ತೇವೆಂದು ಪ್ರತಿಜ್ಞೆ ಮಾಡಿ ಸೇರುವ ಸಂಘ. ಒಂದೊಂದು ಕಾಲೇಜಿನಲ್ಲಿ ಅದರ ಒಂದೊಂದು ಶಾಖೆ ಇರುತ್ತದೆ, ಅದಕ್ಕೆ ಚಾಪ್ಟರ್ ಅನ್ನುತ್ತಾರೆ. ಅವರ ಕಾಲೇಜಿನಲ್ಲಿ ಹೊಸ ಚಾಪ್ಟರ್ ಶುರು ಮಾಡಲು ಹೊರಟವರು ಮೂವರು. ಮೂರನೆಯವನು ನನ್ನ ಮಗ.

ಅದು 2004ನೇ ಇಸವಿ. ಆ ವರ್ಷವೆಲ್ಲ ಅವನಿಗೆ ಅದೇ ಧ್ಯಾನ. ಲೈಬ್ರರಿಯ ದಾರಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದ, ಹೋಗಿಬರುವವರಿಗೆ ಚೀಟಿ ಹಂಚುತ್ತಿದ್ದ. ಮೊದಲ ತಿಂಗಳು ನಾಲ್ಕೇ ಜನ ಸೇರಿದರಂತೆ. ಇದ್ದ ಫ್ರಟರ್ನಿಟಿಗಳಲ್ಲಿ ತಮ್ಮಂಥ ವಲಸಿಗರ ಮಕ್ಕಳನ್ನು ಯಾರೂ ಒಳಗೆ ಕರೆಯಲಿಲ್ಲ, ಅದಕ್ಕೇ ತಮ್ಮದೊಂದು ಬೇಕು ಎಂದು ತಾಯಿಗೆ ಹೇಳಿದ್ದನಂತೆ. ನನಗೆ ಹೇಳಿರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿದವನು, ಇಲ್ಲಿ ವಿಮಾನದ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಮಾರ್ಕ್ಸ್ ಕಡಿಮೆಯಾದದ್ದಷ್ಟೇ ನನಗೆ ಕಂಡಿತ್ತು.

"ಓದಾಕ ಹೋಗಿಯೋ, ಮಠ ಕಟ್ಟಾಕ ಹೋಗಿಯೋ?" ಎಂದಿದ್ದೆ.

"ಇಟ್ಸ್ ನಾಟ್ ಎ ಮಠ, ಅಪ್ಪಾ," ಎಂದು ನಕ್ಕಿದ್ದ.

ಆಮೇಲೆ ಒಂದು ಗುರುವಾರ ಜ್ವರ ಅಂತ ಫೋನ್ ಮಾಡಿದ. ಗಂಜಿ ಕುಡಿದು ಮಲಕೋ, ಅಲೆದಾಟ ಜಾಸ್ತಿ ಆಗೇತಿ ನಿನಗ ಎಂದು ಬೈದೆ. ಅದು ಮಿದುಳಿಗೆ ಏರುವ ಜ್ವರ ಎಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಶನಿವಾರ ಬೆಳಿಗ್ಗೆ ನಾವು ಆಸ್ಪತ್ರೆ ತಲುಪುವಷ್ಟರಲ್ಲಿ ಅವನಿಗೆ ಎಚ್ಚರವಿರಲಿಲ್ಲ. ಭಾನುವಾರ ಹೋದ.

ಹುಡುಗರು ಹೇಳಿದ್ದು ಇಷ್ಟು. ಬರುವ ವಾರ ಸಂಘದ ದೊಡ್ಡವರು ಬಂದು ಎಲ್ಲರಿಗೂ ಒಟ್ಟಿಗೆ ಪ್ರತಿಜ್ಞೆ ಮಾಡಿಸುತ್ತಾರೆ. ಪ್ರತಿಜ್ಞೆ ಮಾಡಿದವರ ಹೆಸರು ಮಾತ್ರ ಸ್ಥಾಪಕರ ಪತ್ರದಲ್ಲಿ ಬರುತ್ತದೆ. ಇವನ ವಿಷಯ ಕೇಳಿದ್ದಕ್ಕೆ, ಮನೆಯ ಗಂಡಸೊಬ್ಬರು ಅವನ ಪರವಾಗಿ ನಿಂತು ಮಾತು ಕೊಟ್ಟರೆ ಆದೀತು ಎಂದು ಒಪ್ಪಿದ್ದಾರೆ. ಒಳಗೆ ಒಬ್ಬರಿಗೇ ಅವಕಾಶ. ಅಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ.

ಹೆಂಡತಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಾನು ಬಿಡಿಸಿ ಹೇಳಿದೆ. ಮಗ ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಏನೋ ಕಾಣಿಸಿತು. ಅವತ್ತಿನಿಂದ ದಿನಾ ಅದೇ ಮಾತು. ಇಷ್ಟೊಂದು ಓಡಾಡಿದ್ದನಲ್ಲ, ಅಲ್ಲಿ ನಿಂತು ಏನು ಹೇಳುವವನಿದ್ದ? ಅದರಲ್ಲಿ ಮನೆಯ ಮಾತಿತ್ತೋ, ತಾಯಿಯ ಹೆಸರಿತ್ತೋ? ಅನ್ನದ ಮುಂದೆ ಕೂತರೂ ಅದನ್ನೇ ಕೇಳುತ್ತಿದ್ದಳು. ಕೇಳುತ್ತ ಎರಡು ತುತ್ತು ತಿನ್ನುತ್ತಿದ್ದಳು.

ಮುಂದಿನ ವಾರ ಶನಿವಾರ ಮಧ್ಯಾಹ್ನ ಇಬ್ಬರೂ ಅವನ ಕಾಲೇಜಿಗೆ ಹೋದೆವು. ಹುಡುಗರು ಅವಳಿಗೆ ಹೊರಗೆ ಕುರ್ಚಿ ಹಾಕಿಕೊಟ್ಟರು. ನಾನು ಒಳಗೆ ಹೋದೆ, ಬಾಗಿಲು ಹಾಕಿಕೊಂಡರು. ಎಡಕ್ಕೂ ಬಲಕ್ಕೂ ನಿಂತವರೆಲ್ಲ ಇಪ್ಪತ್ತು ವರ್ಷದವರು. ಮಗನ ಹೆಸರನ್ನು ಸರಿಯಾಗಿ ಉಚ್ಚರಿಸಿದರು; ಅಭ್ಯಾಸ ಮಾಡಿಕೊಂಡಿದ್ದರೆಂದು ತೋರುತ್ತದೆ. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಮಾತು ಕೊಟ್ಟೆ, ಅವನ ಹೆಸರಿನ ಮುಂದೆ ಸಹಿ ಮಾಡಿದೆ.

ಓಷನ್‌ಸೈಡ್ ಊರು ದಾಟಿ ಮನೆಯ ಕಡೆ ಬರುತ್ತಿದ್ದೆವು. ಮುಂದೆ ಸಮುದ್ರದ ಪಕ್ಕ ಟ್ರಾಫಿಕ್ ನಿಂತಿತು.

"ಏನ್ ಕೇಳಿದ್ರು?" ಎಂದಳು.

"ಹೇಳಬಾರದಂತ ಮಾತು ಕೊಟ್ಟೀನಿ."

"ನನಗೂ?"

ಮದುವೆಗೆ ಮೊದಲೇ ಗುರುಗಳು ಅವಳ ಕಿವಿಯಲ್ಲಿ ಮಂತ್ರ ಹೇಳಿದ್ದರು. ಇಷ್ಟು ವರ್ಷ ಸಂಸಾರ ಮಾಡಿದರೂ ಅದನ್ನು ಅವಳು ನನ್ನ ಮುಂದೆ ಆಡಿಲ್ಲ. ನನಗೆ ಅದು ನೆನಪಾಯಿತು.

"ನಿನ್ನ ಕಿವ್ಯಾಗ ಹೇಳಿದ್ದು ನನಗ ಹೇಳಿಯೇನು?" ಎಂದೆ.

"ನೀವು ಯಾವಾಗರೆ ಕೇಳೀರೇನು?" ಎಂದಳು. ಆಮೇಲೆ ಮೆಲ್ಲಗೆ, "ನಾ ಹಡದೀನ್ರಿ ಅವನ್ನ. ನಾ ಕೇಳಾಕತ್ತೀನಿ."

ಹೇಳಿಬಿಟ್ಟೆ. ಒಂದೂ ಬಿಡದೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಹೇಳುತ್ತಿದ್ದಂತೆ ನನಗೇ ಗೊತ್ತಾಗತೊಡಗಿತು: ಒಳ್ಳೆಯ ಮಾತುಗಳೇ, ಆದರೆ ಯಾವ ಹುಡುಗನಾದರೂ ಆಡಬಹುದಾದ ಮಾತುಗಳು. ಎಷ್ಟೋ ವರ್ಷಗಳ ಹಿಂದೆ ಯಾರೋ ಬರೆದಿಟ್ಟದ್ದು. ಅದರಲ್ಲಿ ನಮ್ಮ ಮಗ ಎಲ್ಲೂ ಇರಲಿಲ್ಲ.

"ಇಷ್ಟೇ ಏನ್ರಿ?" ಎಂದಳು.

"ಇಷ್ಟೇ."

"ನಾ ಏನೇನೋ ಅನ್ಕೊಂಡಿದ್ದೆ."

ಆ ಸಂಜೆ ಅನ್ನ ಕಲಸಿದವಳು ಹಾಗೇ ಎದ್ದಳು.

ಮುಂದೆ ಸ್ಥಾಪಕರ ಪತ್ರದ ಪ್ರತಿ ಅಂಚೆಯಲ್ಲಿ ಬಂತು. ಮಗನ ಹೆಸರು ಮೂರನೆಯದು. ಅವಳಿಗೆ ತೋರಿಸಿದೆ, ಚೆನ್ನಾಗಿದೆ ಎಂದಳು. ಚಾಪ್ಟರ್ ಈಗ ದೊಡ್ಡದಾಗಿದೆ. ಅವನನ್ನು ನೋಡಿಯೇ ಇರದ ಹುಡುಗರು ಅದಕ್ಕೆ ಸೇರುತ್ತಾರೆ. ಆ ಇಬ್ಬರೂ ಆಗಾಗ ಫೋನ್ ಮಾಡಿ, ಆಂಟಿ ಹೇಗಿದ್ದಾರೆ ಎಂದು ವಿಚಾರಿಸುತ್ತಾರೆ. ಕೊಟ್ಟ ಮಾತು ಮುರಿದೆ ಎಂದು ಅವರಿಗೆ ಹೇಳಿಲ್ಲ. ಹೇಳಿದರೆ ಬೇಸರ ಮಾಡಿಕೊಳ್ಳಲಾರರು ಅನಿಸುತ್ತದೆ.

ಹೆಂಡತಿ ಮಾತ್ರ ಅಂದಿನಿಂದ ಮಗ ಅಲ್ಲಿ ಏನು ಹೇಳುವವನಿದ್ದ ಎಂದು ಕೇಳುವುದಿಲ್ಲ. ಆ ದಿನ ಟ್ರಾಫಿಕ್‌ನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಅವಳು ನನ್ನ ಮೇಲೆ ಸಿಟ್ಟಿನಿಂದಲಾದರೂ ಇನ್ನೂ ಕೇಳುತ್ತಲೇ ಇರುತ್ತಿದ್ದಳು.