ಕೋಡಿ ಇಲ್ಲದ ಒಡ್ಡು

ನಮ್ಮ ಹೊಲ ಅಳವಂಡಿಯಿಂದ ಸ್ವಲ್ಪ ದೂರದಲ್ಲಿ, ಹಳ್ಳದ ದಂಡೆಯಲ್ಲಿದೆ. ಗಂಡ ಗಿಣಿಗೇರಾದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾರೆ. ಒಕ್ಕಲುತನ ನೋಡುವವರು ನಾನು ಮತ್ತು ನನ್ನ ಅತ್ತೆ. ಆ ವರ್ಷ ಹಳ್ಳದ ಕಡೆಯ ತುಂಡಿಗೆ ಉಳ್ಳಾಗಡ್ಡಿ ಹಾಕಿದ್ದೆವು. ಗಡ್ಡೆ ಕಟ್ಟುವ ಹೊತ್ತು. ಒಂದು ಬೆಳಿಗ್ಗೆ ಕಳೆ ತೆಗೆಯಲು ಹೋದರೆ, ನಮ್ಮ ಬದು ಮುಗಿಯುವಲ್ಲಿ ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರದ ಒಡ್ಡು ಎದ್ದಿತ್ತು. ಕೆಳಗಿನ ಹೊಲದವನು ತನ್ನ ದಾಳಿಂಬೆ ತೋಟಕ್ಕೆ ನೀರು ಎತ್ತಲೆಂದು ಜೆಸಿಬಿ ತರಿಸಿ, ಜಾಲಿ ಬೊಡ್ಡೆ, ಕಲ್ಲು, ಎರೆಮಣ್ಣು ಎಲ್ಲವನ್ನೂ ಒಟ್ಟಿದ್ದ. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ.

ಊರಿನ ಸಂಬಂಧದಲ್ಲಿ ಅವನು ನನಗೆ ಮಾವನಾಗಬೇಕು. ತೋಟಕ್ಕೇ ಹೋಗಿ ಕೇಳಿದೆ.

"ಮಾವಾರ, ಒಡ್ಡೇನೋ ಹಾಕೀರಿ. ತುಂಬಿದ ನೀರು ಹೊರಗ ಹೋಗಾಕ ಕೋಡಿ ಎಲ್ಲಿ ಬಿಟ್ಟೀರಿ?"

"ಕೋಡಿ ಯಾಕ ಬೇಕವಾ? ನೀರು ಅಂದ್ರ ಗಂಗವ್ವ. ನಿಂತ್ರ ನಿಮ್ಮ ಬೋರಿಗೂ ಬರತೈತಿ. ಒಳ್ಳೇದು ಮಾಡಿದ್ರೂ ಬೈಸ್ಕೋಬೇಕೇನು?"

ನಮ್ಮ ಬೋರಿನಲ್ಲಿ ನೀರು ಏರಿದ್ದು ನಿಜ. ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಮಳೆಗೇ ಹಳ್ಳ ಹಿಂದಕ್ಕೆ ಸರಿದು ನಮ್ಮ ಹೊಲದ ಕೆಳಗಿನ ಸಾಲುಗಳಿಗೆ ನುಗ್ಗಿತು. ಎರೆಭೂಮಿ ಒಮ್ಮೆ ನೀರು ಕುಡಿದರೆ ಬಿಟ್ಟುಕೊಡುವುದಿಲ್ಲ.

ಮುಂದೆ ಆದದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗ್ರಾಮಸಭೆಯಲ್ಲಿ ಅವನನ್ನು ಕೂರಿಸಿ, ನೀರು ಉಳಿಸಿದ ರೈತ ಎಂದು ಶಾಲು ಹೊದಿಸಿದರು. ನಾನು ಎದ್ದು ನಿಂತು, "ಆ ಒಡ್ಡಿನ ನೀರು ನಮ್ಮ ಉಳ್ಳಾಗಡ್ಡಿಯೊಳಗ ನಿಂತೈತ್ರಿ" ಎಂದೆ. ವೇದಿಕೆಯ ಮೇಲಿದ್ದ ಸದಸ್ಯನೊಬ್ಬ ಕೈಯಾಡಿಸಿ, "ಇವತ್ತು ಸನ್ಮಾನ ಐತಿ ಯವ್ವಾ, ತಕರಾರು ಆಮ್ಯಾಲೆ. ಕುಂದರ್ರಿ" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗೂ ಒಂದು ಬೂಂದಿ ಪೊಟ್ಟಣ ಇಟ್ಟರು. ಮರುದಿನ ಪಂಚಾಯಿತಿ ಕಚೇರಿಗೆ ಹೋದರೆ ಅಲ್ಲಿಯ ಸಾಹೇಬರು ತಲೆ ಎತ್ತದೆ, "ನೀರು ಇಂಗಿಸೋ ಕೆಲಸಕ್ಕ ಅಡ್ಡ ಬಂದ್ರ ನಿಮ್ಮ ಮ್ಯಾಲೇ ಕೇಸ್ ಆಗತೈತಿ ನೋಡ್ರಿ" ಎಂದರು. ಹೊಲ ನೋಡಲು ಬರುತ್ತೀರಾ ಎಂದು ಕೇಳಿದೆ. ಬರಲಿಲ್ಲ.

ಆಮೇಲೆ ಜಡಿಮಳೆ ಹಿಡಿಯಿತು. ಮಳೆ ನಿಂತು ಹೊಳವಾದ ದಿನ ಹೋಗಿ ನೋಡಿದರೆ ಉಳ್ಳಾಗಡ್ಡಿಯ ತುದಿಗಳಷ್ಟೇ ನೀರಿನ ಮೇಲೆ ಕಾಣುತ್ತಿದ್ದವು. ಒಂದು ಗಡ್ಡೆ ಕಿತ್ತು ಹಿಸುಕಿದೆ. ಬೆರಳು ಒಳಗೆ ಹೋಯಿತು. ಅತ್ತೆ ಆ ವಾಸನೆಗೆ ಮುಖ ತಿರುಗಿಸಿ, "ನಿನ್ನ ತಮ್ಮಗ ಫೋನ್ ಹಚ್ಚು" ಎಂದಳು.

ತಮ್ಮ ಇಟಗಿಯಿಂದ ಟ್ರ್ಯಾಕ್ಟರ್ ತಂದ. ಗಂಡ ರಜೆ ಹಾಕಿ ಬಂದರು. ಒಡ್ಡಿನಲ್ಲಿ ಹುಗಿದಿದ್ದ ಜಾಲಿ ಬೊಡ್ಡೆಗೆ ಸರಪಳಿ ಕಟ್ಟಿ ಜಗ್ಗಿದಾಗ ಒಂದು ಕಿತ್ತುಬಂತು. ಎರಡನೆಯದಕ್ಕೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಅಲ್ಲೇ ತಿರುಗಿ ತಿರುಗಿ ಅಚ್ಚಿನವರೆಗೆ ಹೂತವು. ಇನ್ನು ಕೈಕೆಲಸವೇ ಗತಿ. ಗುದ್ದಲಿ, ಸಲಿಕೆ, ಹಾರಿ ಹಿಡಿದೆವು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಕರೆಯದೆಯೇ ಬಂದರು. ಒಬ್ಬಳು ಸೀರೆ ಎತ್ತಿಕಟ್ಟುತ್ತಾ, "ಉಳ್ಳಾಗಡ್ಡಿ ಕೊಳತ್ರ ಕೀಳೋ ಕೂಲಿ ನಮಗೂ ಇಲ್ಲ ಬಿಡಕ್ಕ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಒಡ್ಡಿನ ನಟ್ಟನಡುವೆ ನಿಂತು ಗುದ್ದಲಿ ಎತ್ತಿದೆ. ಅತ್ತೆ ಬಂದು ಗುದ್ದಲಿಯ ಕಾವು ಹಿಡಿದುಕೊಂಡಳು.

"ಅಲ್ಲಿ ಬ್ಯಾಡ. ನಡುವ ಕಡಿದ್ರ ಒಮ್ಮೆಲೇ ಕಿತ್ಕೊಂಡು ಹೊಕ್ಕೈತಿ. ಕೆಳಗ ಅವನ ತ್ವಾಟ ಐತಿ."

"ಹೋಗ್ಲಿ ಬಿಡ್ರಿ ಅತ್ತಿ. ನಮ್ಮದು ಹೋಗಿಲ್ಲೇನು?"

"ಗಿಡ ಏನ್ ಮಾಡ್ಯಾವ ನಿನಗ?"

ಗುದ್ದಲಿ ಇಳಿಸಿದೆ. ಗಟ್ಟಿನೆಲವಿದ್ದ ದಂಡೆಯ ಕಡೆಗೆ ಸರಿದು, ಕಲ್ಲು ಎಬ್ಬಿಸುತ್ತಾ, ಬುಟ್ಟಿಯಲ್ಲಿ ಮಣ್ಣು ಸಾಗಿಸುತ್ತಾ, ಸ್ವಲ್ಪ ಸ್ವಲ್ಪವೇ ಆಳ ಮಾಡಿದೆವು. ನೀರು ಮೊದಲು ಎಳೆಯಾಗಿ ಸೋರಿ, ಆಮೇಲೆ ಕಾಲುವೆಯಾಗಿ ಹರಿಯತೊಡಗಿತು.

ಅಷ್ಟರಲ್ಲಿ ಒಡ್ಡು ಹಾಕಿದವನು ಬೈಕಿನ ಮೇಲೆ ಬಂದ.

"ಯಾರ್ನ ಕೇಳಿ ಒಡದ್ರಿ?"

"ನೀವು ಯಾರ್ನ ಕೇಳಿ ಕಟ್ಟಿದ್ರಿ ಮಾವಾರ?" ಎಂದೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಗಂಡನಿಗೆ, "ಹೆಣಮಕ್ಕಳ್ನ ಮುಂದ ಬಿಟ್ಟಿಯೇನು?" ಎಂದ. ಮೊಣಕಾಲವರೆಗೆ ಕೆಸರಾಗಿದ್ದ ನನ್ನ ಗಂಡ, "ಹೊಲ ಅವರ ನೋಡತಾರ್ರಿ. ಅವರ ಕೂಡನ ಮಾತಾಡ್ರಿ" ಎಂದರು. ಆ ಮಾತು ಕೇಳಿ ನನಗೆ ಅಳು ಬಂತು. ಯಾರಿಗೂ ಕಾಣದಿರಲೆಂದು ಮಣ್ಣು ತುಂಬಲು ಬಗ್ಗಿಬಿಟ್ಟೆ.

ಅತ್ತೆ ಅವನನ್ನು ಕರೆದಳು. "ತಮ್ಮಾ, ನಿನ್ನ ಗಿಡ ನೋಡ್ಕೊಂಡ ದಂಡಿಗೆ ಕಡದೀವಿ. ಹೋಗಿ ನೋಡು, ಒಂದಾರ ಮುಳುಗೈತೇನು."

ಅವನು ನೋಡಿಕೊಂಡು ಬಂದ. ಒಂದು ಗಿಡಕ್ಕೂ ಧಕ್ಕೆಯಾಗಿರಲಿಲ್ಲ. "ನೋಡ್ಕೋತೀನಿ ವೈನಿ" ಎಂದಷ್ಟೇ ಹೇಳಿ ಬೈಕು ಹತ್ತಿದ. ನನ್ನ ತಮ್ಮನ ಟ್ರ್ಯಾಕ್ಟರ್ ಕಣ್ಣೆದುರೇ ಹೂತು ನಿಂತಿತ್ತು. ಈ ಮಾವನದು ತೋಟದಲ್ಲಿ ಖಾಲಿ ಇತ್ತು. ತಂದು ಜಗ್ಗಿಕೊಡಲೇ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಕಡೆಗೆ ಒಡ್ಡಿನ ಕಲ್ಲುಗಳನ್ನೇ ಗಾಲಿಗಳ ಬುಡಕ್ಕೆ ತುರುಕಿ, ಎಲ್ಲರೂ ಹೆಗಲು ಕೊಟ್ಟು ಎಬ್ಬಿಸಿದೆವು.

ಕೇಸು ಗೀಸು ಏನೂ ಆಗಲಿಲ್ಲ. ಮೇಲಿನ ಸಾಲುಗಳ ಉಳ್ಳಾಗಡ್ಡಿ ಉಳಿಯಿತು, ಕೆಳಗಿನದನ್ನು ತಿಪ್ಪೆಗೆ ಹಾಕಿದೆವು. ಬೇಸಿಗೆಯಲ್ಲಿ ಅವನು ನಾವು ಕಡಿದ ಜಾಗಕ್ಕೇ ಕಲ್ಲು ಸಿಮೆಂಟು ಹಾಕಿಸಿ ಗಟ್ಟಿ ಕೋಡಿ ಮಾಡಿಸಿದ. ಈಗ ಒಡ್ಡು ನೋಡಲು ಬಂದವರಿಗೆ, "ಕೋಡಿ ನಾನ ಬಿಡಿಸೀನ್ರಿ" ಎಂದು ತೋರಿಸುತ್ತಾನಂತೆ. "ನೀರು ಹೋದ್ರ ಸಾಕಲ್ಲ, ಹೆಸರು ಯಾರದಾದ್ರೇನು" ಎನ್ನುತ್ತಾರೆ ಗಂಡ. ನನಗೆ ಹಾಗೆ ಅನ್ನಲು ಬರುವುದಿಲ್ಲ. ಒಡ್ಡು ಹಾಕುವ ಮುಂಚೆ ನಮ್ಮ ಮನೆಗೆ ಬಂದು, ಒಂದು ಕಪ್ ಚಹಾ ಕುಡಿದು ಕೇಳಿದ್ದರೆ, ಕೋಡಿಗೆ ನಮ್ಮ ಹೊಲದ ಮೂಲೆಯನ್ನೇ ಬಿಟ್ಟುಕೊಡುತ್ತಿದ್ದೆವು.